ಕ್ಯಾಸೆಟ್ ಕವರ್ ಮೇಲೆ ಯಾರ ಹೆಸರು?

ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ಚಿಕ್ಕ ಕೆಲಸ. ನೀವು ಈಗ ಕೇಳ್ತಿರೋ ಫೋನ್ ಕಡೆ ಒಮ್ಮೆ ನೋಡಿ. ಪ್ಲೇ ಬಟನ್ ಪಕ್ಕದಲ್ಲಿ ಒಂದು ಚೌಕದ ಚಿತ್ರ ಇದೆಯಲ್ಲ, ಹೆಬ್ಬೆರಳಿನ ಉಗುರಿನಷ್ಟು? ಅದೇ ಈ ಪಾಡ್‌ಕಾಸ್ಟ್‌ನ ಕವರ್. ಅದನ್ನ ಮಾಡೋಕೆ ನಾನು ಮೂರು ರಾತ್ರಿ ಕೂತಿದ್ದೆ. ಅದನ್ನ ಯಾರೂ ಸರಿಯಾಗಿ ನೋಡಲ್ಲ ಅಂತ ನನಗೆ ಗೊತ್ತು. ಆದ್ರೆ ಅದು ಕೆಟ್ಟದಾಗಿದ್ದಿದ್ರೆ ನೀವು ಪ್ಲೇ ಒತ್ತುತ್ತಲೇ ಇರಲಿಲ್ಲ, ಅದೂ ಗೊತ್ತು.

ಇವತ್ತಿನ ಕಥೆ ಆ ಚೌಕದ್ದೇ. ಹಾಡಿಗೆ ಹೊದಿಕೆ ಹಾಕೋ ಚರಿತ್ರೆ. ಗ್ರಾಮಫೋನ್ ತಟ್ಟೆಯಿಂದ ಕ್ಯಾಸೆಟ್, ಸಿಡಿ, ಪೆನ್‌ಡ್ರೈವ್, ಈಗ ಫೋನು. ಜೊತೆಗೆ ಭಟ್ಕಳ, ಹೊನ್ನಾವರ, ಕುಮಟಾ. ಹೆದ್ದಾರಿ 66ರಲ್ಲಿ ಹೆಚ್ಚುಕಮ್ಮಿ 60 ಕಿಲೋಮೀಟರ್‌ ಒಳಗೆ ಬರೋ ನಮ್ಮ ಮೂರು ಊರು.

ಇದು ಶುರುವಾಗಿದ್ದು ಹೀಗೆ. ಕುಮಟಾದ ನನ್ನ ಗೆಳತಿಯೊಬ್ಬಳು ಹಾಡ್ತಾಳೆ. ಹಿಂದೂಸ್ತಾನಿ ಕಲಿತವಳು, ಈಗ ತನ್ನದೇ ಐದು ಹಾಡು ರೆಕಾರ್ಡ್ ಮಾಡಿದ್ದಾಳೆ. ಮೊದಲ ಆಲ್ಬಂ. ನಾಲ್ಕು ತಿಂಗಳ ಹಿಂದೆ ಫೋನ್ ಮಾಡಿ, "ಮಾರಾಯಾ, ಹಾಡು ಆಯ್ತು, ಕವರ್ ನೀನೇ ಮಾಡ್ಕೊಡು. ದುಡ್ಡು ಕೇಳ್ಬೇಡ" ಅಂದ್ಲು. ನಾನು ಓದಿದ್ದು ಬಿಕಾಂ. ಡಿಸೈನ್ ಕಲಿತಿದ್ದು ಯೂಟ್ಯೂಬ್ ನೋಡಿ. ಆದ್ರೂ ಒಪ್ಕೊಂಡೆ. ಹಳೇ ಕವರ್‌ಗಳನ್ನ ನೋಡಿ ಐಡಿಯಾ ತಗೊಳ್ಳೋಣ ಅಂತ ಹೊನ್ನಾವರದ ಮನೆಗೆ ಹೋಗಿ ಅಟ್ಟ ಹತ್ತಿದೆ. ಅಲ್ಲಿ ಅಜ್ಜನ ತಗಡಿನ ಟ್ರಂಕು ಇತ್ತು. ಒಳಗೆ ಎಂಬತ್ತಕ್ಕೂ ಹೆಚ್ಚು ಕ್ಯಾಸೆಟ್.

ಆ ಟ್ರಂಕಿನ ಒಂದು ಕ್ಯಾಸೆಟ್ ಬಗ್ಗೆ ಮೊದಲೇ ಹೇಳಿಬಿಡ್ತೀನಿ. ನನ್ನ ಅಜ್ಜ ತೋಟ ಮಾಡ್ಕೊಂಡಿದ್ದವರು. ಮದ್ದಳೆ ಬಾರಿಸ್ತಿದ್ದರು. ದೊಡ್ಡ ಹೆಸರೇನಿಲ್ಲ, ಸುತ್ತಮುತ್ತ ತಾಳಮದ್ದಳೆ ಅಂದ್ರೆ ಕರೆ ಬರ್ತಿತ್ತು. 1980ರ ದಶಕದ ಕೊನೆಯಲ್ಲಿ ಒಂದು ಕ್ಯಾಸೆಟ್ ಕಂಪನಿ ತಾಳಮದ್ದಳೆ ರೆಕಾರ್ಡಿಂಗ್‌ಗೆ ಕರೀತು. ಬಸ್ ಚಾರ್ಜು, ಊಟ, ಕ್ಯಾಸೆಟ್ ಬಂದ ಮೇಲೆ ಒಂದು ಪ್ರತಿ. ಕ್ಯಾಸೆಟ್ ಬಂತು. ಕವರ್ ಮೇಲೆ ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು, ಭಾಗವತರ ಹೆಸರು. ಕೆಳಗೆ ಸಣ್ಣಕ್ಷರದಲ್ಲಿ, "ಹಿಮ್ಮೇಳದಲ್ಲಿ: ನುರಿತ ಕಲಾವಿದರು". ಅಷ್ಟೇ.

ಆ ಸಾಲಿನ ಪಕ್ಕ ನೀಲಿ ಬಾಲ್‌ಪೆನ್ನಿನಲ್ಲಿ ಅಜ್ಜ ತಾವೇ ಎರಡು ಹೆಸರು ಬರೆದಿದ್ದಾರೆ. ಚಂಡೆಯವರದ್ದು ಮೊದಲು, ತಮ್ಮದು ಆಮೇಲೆ. ಚಿಕ್ಕವನಿದ್ದಾಗ ನಾನು ಕೇಳಿದ್ದೆ, ಪುಸ್ತಕದ ಮೇಲೆ ಗೀಚಬೇಡ ಅಂತ ನನಗೆ ಬೈಯೋ ನೀವೇ ಇದರ ಮೇಲೆ ಯಾಕೆ ಬರೆದ್ರಿ ಅಂತ. ಅಜ್ಜ ನಕ್ಕು, "ಯನ್ನ ಹೆಸ್ರೇ ಇಲ್ಲೆ ತಮಾ, ಅದ್ಕೆ" ಅಂದಿದ್ರು.

ಆ ಮಾತು ನೆನಪಿಟ್ಕೊಳ್ಳಿ. ಈಗ ಹಿಂದಕ್ಕೆ ಹೋಗೋಣ.

ಹೆಸರು ಹಾಡಿನೊಳಗೇ ಇತ್ತು

1902ರ ನವೆಂಬರ್, ಕಲ್ಕತ್ತಾ. ಲಂಡನ್ನಿನ ಗ್ರಾಮಫೋನ್ ಕಂಪನಿಯಿಂದ ಫ್ರೆಡ್ ಗೈಸ್‌ಬರ್ಗ್ ಅನ್ನೋ ರೆಕಾರ್ಡಿಂಗ್ ತಜ್ಞ ಬಂದಿದ್ದಾನೆ. ಅವನ ಮುಂದೆ ಹಾಡ್ತಿರೋದು ಗೌಹರ್ ಜಾನ್. ಒಂದು ತಟ್ಟೆಗೆ ಸಿಗೋದು ಮೂರು ನಿಮಿಷದ ಆಸುಪಾಸು. ಗಂಟೆಗಟ್ಟಲೆ ಹಾಡೋ ರಾಗವನ್ನ ಆ ಮೂರು ನಿಮಿಷಕ್ಕೆ ಮಡಚಿ, ಕೊನೆಗೆ ಆಕೆ ಇಂಗ್ಲಿಷಿನಲ್ಲಿ "ನನ್ನ ಹೆಸರು ಗೌಹರ್ ಜಾನ್" ಅಂತ ಕೂಗಿ ಹೇಳ್ತಾರೆ.

ಯಾಕೆ? ಯಾಕಂದ್ರೆ ತಟ್ಟೆ ತಯಾರಾಗ್ತಿದ್ದಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸದವರಿಗೆ ಇದು ಯಾರ ಹಾಡು ಅಂತ ಗೊತ್ತಾಗಿ ಸರಿಯಾದ ಲೇಬಲ್ ಅಂಟಿಸಬೇಕಲ್ಲ. ಹೊರಗಿನ ಹೊದಿಕೆ ನಂಬೋ ಹಾಗಿರಲಿಲ್ಲ, ಅದಕ್ಕೆ ಹಾಡಿನ ಒಳಗೇ ಹೆಸರು. ನಾನೂ ಎಪಿಸೋಡ್ ಕೊನೆಗೆ ಹೆಸರು ಹೇಳ್ತೀನಲ್ಲ, ಅದರ ಮುತ್ತಜ್ಜಿ ಇದು ಅಂದ್ಕೊಳ್ಳಿ.

ಗೌಹರ್ ಜಾನ್ ಎಷ್ಟು ಪ್ರಸಿದ್ಧಿಯಾದ್ರು ಅಂದ್ರೆ ಬೆಂಕಿಪೆಟ್ಟಿಗೆ ಮೇಲೂ ಅವರ ಚಿತ್ರ ಬಂತು. ಗಾಯಕಿಯ ಮುಖ ನೋಡಿ ಸಾಮಾನು ಮಾರಾಟ ಆಗೋದು ಆಗಲೇ ಶುರು. ಅವರ ಕೊನೆಗಾಲ ಕಳೆದಿದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ಅರಮನೆಯ ಗಾಯಕಿಯಾಗಿ ಬಂದ್ರು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡ್ರು.

ಆಗ ತಟ್ಟೆಯ ಹೊದಿಕೆ ಅಂದ್ರೆ ಸಾದಾ ಕಾಗದದ ಲಕೋಟೆ. ನಡುವೆ ದುಂಡಗೆ ಕತ್ತರಿಸಿದ ತೂತು, ಅದರಿಂದ ಲೇಬಲ್ ಕಾಣೋದು. ನಾಲ್ಕಾರು ತಟ್ಟೆ ಒಟ್ಟಿಗೆ ಮಾರಬೇಕಾದ್ರೆ ಫೋಟೋ ಆಲ್ಬಂ ಥರ ದಪ್ಪ ರಟ್ಟಿನ ಪುಸ್ತಕದೊಳಗೆ ಸಿಕ್ಕಿಸಿ ಕೊಡ್ತಿದ್ರು. "ಆಲ್ಬಂ" ಅನ್ನೋ ಮಾತು ಬಂದಿದ್ದೇ ಅಲ್ಲಿಂದ. ಇವತ್ತು ಪುಸ್ತಕವೂ ಇಲ್ಲ, ತಟ್ಟೆಯೂ ಇಲ್ಲ, ಮಾತು ಮಾತ್ರ ಉಳಿದಿದೆ.

ಆ ರಟ್ಟಿನ ಮೇಲೆ ಚಿತ್ರ ಬಿಡಿಸಿದರೆ ಹೇಗೆ ಅಂತ ಯೋಚಿಸಿದವನು ಅಮೆರಿಕದ ಅಲೆಕ್ಸ್ ಸ್ಟೈನ್‌ವೈಸ್. ಕೊಲಂಬಿಯಾ ರೆಕಾರ್ಡ್ಸ್ ಕಂಪನಿಗೆ ಸೇರಿದಾಗ ಇನ್ನೂ ಇಪ್ಪತ್ತರ ಆಚೀಚಿನ ಹುಡುಗ, ನನಗಿಂತ ಚಿಕ್ಕವನು. 1940ರಲ್ಲಿ ಅವನು ಮಾಡಿದ ಕವರ್‌ನಲ್ಲಿ ನಾಟಕ ಮಂದಿರದ ಹೊರಗಿನ ದೀಪದ ಬೋರ್ಡಿನ ಮೇಲೆ ಆಲ್ಬಂ ಹೆಸರು ಹೊಳೀತಿತ್ತು. ಸಾದಾ ಕಂದು ರಟ್ಟುಗಳ ನಡುವೆ ಅಂಗಡಿಯಲ್ಲಿ ಅದೊಂದೇ ಎದ್ದು ಕಾಣ್ತು. ಉಳಿದವರೆಲ್ಲ ಹಿಂದೆ ಬಂದ್ರು. 1948ರಲ್ಲಿ ಹನ್ನೆರಡು ಇಂಚಿನ ಎಲ್‌ಪಿ ಬಂದ ಮೇಲಂತೂ ಕವರ್ ಅನ್ನೋದು ಗೋಡೆಗೆ ನೇತುಹಾಕೋ ಚಿತ್ರದ ಮಟ್ಟಕ್ಕೆ ಬೆಳೀತು.

ಹದಿನಾಲ್ಕು ಪಟ್ಟು ಚಿಕ್ಕದು

ಈಗ ಲೆಕ್ಕ. ನಾನು ಬಿಕಾಂ ಅಲ್ವಾ, ಲೆಕ್ಕ ಮಾಡದೇ ಇರೋಕಾಗಲ್ಲ. ಎಲ್‌ಪಿ ಕವರ್ ಹನ್ನೆರಡು ಇಂಚು ಹನ್ನೆರಡು ಇಂಚು, ಅಂದ್ರೆ 144 ಚದರ ಇಂಚು. ಕ್ಯಾಸೆಟ್ ಕವರಿನ ಮುಂಭಾಗ ಹೆಚ್ಚುಕಮ್ಮಿ ನಾಲ್ಕು ಇಂಚು ಎರಡೂವರೆ ಇಂಚು, ಅಂದ್ರೆ ಹತ್ತು ಚದರ ಇಂಚು. ಒಂದೇ ಏಟಿಗೆ ಹದಿನಾಲ್ಕು ಪಟ್ಟು ಜಾಗ ಹೋಯ್ತು.

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನ ಲೋಕಕ್ಕೆ ತೋರಿಸಿದ್ದು 1963ರಲ್ಲಿ, ಬರ್ಲಿನ್‌ನ ರೇಡಿಯೋ ಮೇಳದಲ್ಲಿ. ನಮ್ಮ ಕರಾವಳಿಯ ಮನೆಗಳಿಗೆ ಅದು ಬರೋಕೆ ಇನ್ನೂ ಹದಿನೈದು ವರ್ಷ ಬೇಕಾಯ್ತು. ಬಂದ ದಾರಿಗಳಲ್ಲಿ ಒಂದು ದುಬೈ. ಭಟ್ಕಳದ ನವಾಯತ ಮನೆಗಳಿಂದ ಗಂಡಸರು ಗಲ್ಫ್‌ಗೆ ದುಡಿಯೋಕೆ ಹೋದವರು ರಜೆಗೆ ಬರುವಾಗ ಟೂ-ಇನ್-ವನ್ ತರ್ತಿದ್ರು, ಜೊತೆಗೆ ಖಾಲಿ ಕ್ಯಾಸೆಟ್‌ಗಳ ಕಟ್ಟು. ಭಟ್ಕಳದ ನನ್ನ ಕ್ಲಾಸ್‌ಮೇಟ್ ಒಬ್ಬನ ಮನೆಯಲ್ಲಿ ಹಾಡಿನ ಕ್ಯಾಸೆಟ್‌ಗಿಂತ ಹೆಚ್ಚು ಜೋಪಾನವಾಗಿ ಇಟ್ಟಿರೋದು ಮಾತಿನ ಕ್ಯಾಸೆಟ್. ಅವರ ತಂದೆ ಅಲ್ಲಿಂದ ಮಾತಾಡಿ ಕಳಿಸೋದು, ತಾಯಿ ಇಲ್ಲಿಂದ ಮಾತಾಡಿ ಕಳಿಸೋದು. ವಾಟ್ಸಾಪ್ ವಾಯ್ಸ್ ನೋಟ್‌ನ ಹಳೇ ಅವತಾರ. ಅದರ ಕವರ್ ಮೇಲೆ ತಾರೀಕು ಮಾತ್ರ. ಯಾರದ್ದು ಅಂತ ಬರೆಯೋ ಅಗತ್ಯವೇ ಇರಲಿಲ್ಲ, ದನಿ ಕೇಳಿದ್ರೆ ಗೊತ್ತಾಗ್ತಿತ್ತು.

ಇನ್ನೊಂದು ಬಗೆ, ಅಂಗಡಿಯಲ್ಲಿ ತುಂಬಿಸಿ ಕೊಡೋ ಕ್ಯಾಸೆಟ್. ನೀವು ಚೀಟಿಯಲ್ಲಿ ಬೇಕಾದ ಹಾಡು ಬರೆದು ಕೊಡೋದು, ಅಂಗಡಿಯವನು ಖಾಲಿ ಕ್ಯಾಸೆಟ್‌ಗೆ ಹಾಕಿ ಕೊಡೋದು. ಪ್ಲೇಲಿಸ್ಟ್ ಅಂದ್ರೆ ಅದೇ ಅಲ್ವಾ? ಅಜ್ಜನ ಟ್ರಂಕಿನಲ್ಲಿ ಅಂಥವು ಹದಿನೈದಾದ್ರೂ ಇವೆ. ಕವರ್ ಮೇಲೆ ಹಾಡಿನ ಮೊದಲ ಎರಡು ಪದ, ಸಿನಿಮಾ ಹೆಸರು. ಬರೆದವರ ಹೆಸರು, ಸಂಗೀತ ಕೊಟ್ಟವರ ಹೆಸರು ಒಂದರಲ್ಲೂ ಇಲ್ಲ.

1983ರಲ್ಲಿ ಗುಲ್ಶನ್ ಕುಮಾರ್ ಟಿ-ಸೀರೀಸ್ ಶುರು ಮಾಡಿ ಕಡಿಮೆ ಬೆಲೆಗೆ ಕ್ಯಾಸೆಟ್ ಬಿಟ್ಟ ಮೇಲೆ ದೇಶದ ತುಂಬ ಆಟವೇ ಬದಲಾಯ್ತು. ರೆಕಾರ್ಡ್ ಅಂಗಡಿಯ ಗಾಜಿನ ಕಪಾಟಿನಿಂದ ಹಾಡು ಪಾನ್ ಅಂಗಡಿಗೆ, ಕಿರಾಣಿ ಅಂಗಡಿಗೆ ಬಂತು. ಪೀಟರ್ ಮ್ಯಾನ್ಯುಯೆಲ್ ಅನ್ನೋ ಸಂಗೀತ ವಿದ್ವಾಂಸರು 1993ರಲ್ಲಿ ಈ ಬಗ್ಗೆ ಇಡೀ ಪುಸ್ತಕ ಬರೆದಿದ್ದಾರೆ. ಅವರು ಗುರುತಿಸೋ ಒಂದು ಅಂಶ ನಮಗೆ ಮುಖ್ಯ. ಕ್ಯಾಸೆಟ್ ಮಾಡೋಕೆ ಖರ್ಚು ಕಡಿಮೆ, ಹಾಗಾಗಿ ದೊಡ್ಡ ಕಂಪನಿಗಳು ಮುಟ್ಟದ ಪ್ರಾದೇಶಿಕ ಸಂಗೀತಕ್ಕೂ ಮಾರುಕಟ್ಟೆ ಸಿಕ್ತು. ಯಕ್ಷಗಾನ, ತಾಳಮದ್ದಳೆ, ಭಜನೆ ಕ್ಯಾಸೆಟ್ ಆಗಿ ಬಂದಿದ್ದು ಇದೇ ಗಾಳಿಯಲ್ಲಿ.

ಅದೇ ಗಾಳಿಯಲ್ಲಿ ನಕಲಿಯೂ ಬಂತು. ಕವರನ್ನ ಝೆರಾಕ್ಸ್ ಮಾಡಿ, ಕ್ಯಾಸೆಟ್ಟನ್ನ ಕಾಪಿ ಹೊಡೆದು ಅರ್ಧ ಬೆಲೆಗೆ ಮಾರೋದು. ಅದನ್ನ ತಡೆಯೋಕೆ ಸರ್ಕಾರ 1984ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಕಲಂ 52ಎ ಸೇರಿಸ್ತು. ಧ್ವನಿಮುದ್ರಣದ ಮೇಲೂ ಅದರ ಹೊದಿಕೆಯ ಮೇಲೂ ಮೂರು ವಿವರ ಇರಲೇಬೇಕು: ಮುದ್ರಣ ಮಾಡಿದವರ ಹೆಸರು-ವಿಳಾಸ, ಹಕ್ಕುದಾರರ ಹೆಸರು-ವಿಳಾಸ, ಮೊದಲು ಪ್ರಕಟವಾದ ವರ್ಷ. ತಪ್ಪಿದರೆ ಮೂರು ವರ್ಷದವರೆಗೂ ಜೈಲು.

ಈಗ ಆ ಪಟ್ಟಿಯನ್ನ ಇನ್ನೊಮ್ಮೆ ಕೇಳಿ. ಮುದ್ರಣ ಮಾಡಿದವರು. ಹಕ್ಕುದಾರರು. ವರ್ಷ. ಹಾಡಿದವರು ಎಲ್ಲಿ? ಬಾರಿಸಿದವರು ಎಲ್ಲಿ? ಇಲ್ಲ. ಕಾನೂನಿನ ಪ್ರಕಾರ ಅಜ್ಜನ ಆ ಕ್ಯಾಸೆಟ್ ಕವರಿನಲ್ಲಿ ಯಾವ ತಪ್ಪೂ ಇರಲಿಲ್ಲ. ಕಂಪನಿಯ ವಿಳಾಸ ಪಿನ್‌ಕೋಡ್ ಸಮೇತ ಇತ್ತು.

ಕವಿಯ ಹೆಸರು ಮುಂಭಾಗಕ್ಕೆ ಬಂತು

ಹಾಗಂತ ಎಲ್ಲ ಕವರೂ ಒಂದೇ ಥರ ಇರಲಿಲ್ಲ. ಟ್ರಂಕಿನಲ್ಲಿ ಬೇರೆಯದೇ ಒಂದು ಗುಂಪಿತ್ತು, ಭಾವಗೀತೆ ಕ್ಯಾಸೆಟ್‌ಗಳದ್ದು.

1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 'ನಿತ್ಯೋತ್ಸವ' ಬಂತು. ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಅಂತಲೇ ಅದನ್ನ ಗುರುತಿಸ್ತಾರೆ. ಶೀರ್ಷಿಕೆ ಹಾಡು ಶುರುವಾಗೋದು ಜೋಗದಿಂದ. ಆ ಜೋಗದಲ್ಲಿ ಬಿದ್ದ ನೀರು ಕೊನೆಗೆ ನಮ್ಮ ಹೊನ್ನಾವರದ ಅಳಿವೆಯಲ್ಲೇ ಕಡಲು ಸೇರೋದು. ಹಾಗಾಗಿ ಅದು ನಮ್ಮೂರ ಹಾಡೂ ಹೌದು ಅಂತ ನಾನು ಜಂಬ ಪಡ್ತೀನಿ, ಬಿಡಿ.

ಇಲ್ಲಿ ಮಾರಾಟದ ತಂತ್ರ ನೋಡಿ. ಸಿನಿಮಾ ಕ್ಯಾಸೆಟ್ ಆದ್ರೆ ಪೋಸ್ಟರನ್ನೇ ಚಿಕ್ಕದು ಮಾಡಿ ಹಾಕಿದ್ರೆ ಸಾಕು. ನಾಯಕನ ಮುಖವೇ ಕವರ್. ಭಾವಗೀತೆಗೆ ಹೀರೋ ಇಲ್ಲ, ಹೀರೋಯಿನ್ ಇಲ್ಲ. ಹಾಗಾದ್ರೆ ಜನ ಯಾವ ನಂಬಿಕೆ ಮೇಲೆ ಕೊಳ್ಳಬೇಕು? ಕವಿಯ ಹೆಸರಿನ ಮೇಲೆ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂದ ಕವನ ಸಂಕಲನ. ಸಿ. ಅಶ್ವಥ್ ಅದರ ಹಾಡುಗಳಿಗೆ ರಾಗ ಹಾಕಿದಾಗ ಪುಸ್ತಕದ ಹೆಸರೇ ಕ್ಯಾಸೆಟ್ಟಿನ ಹೆಸರಾಯ್ತು. ಪುಸ್ತಕ ಓದದವರಿಗೂ ಕವಿಯ ಹೆಸರು ಗೊತ್ತಾಯ್ತು. ಶಿಶುನಾಳ ಶರೀಫರು ತೀರಿಕೊಂಡು ನೂರು ವರ್ಷ ಆಗೋ ಹೊತ್ತಿಗೆ ಅವರ ತತ್ವಪದಗಳು ಕ್ಯಾಸೆಟ್ ಮೂಲಕ ಮನೆಮನೆಯಲ್ಲಿ ಕೇಳಿಸ್ತಿದ್ವು. ಕವಿ, ಸಂಗೀತಗಾರ, ಗಾಯಕ, ಮೂರೂ ಹೆಸರನ್ನ ಒಟ್ಟಿಗೆ ಹೇಳೋ ಅಭ್ಯಾಸವನ್ನ ಕನ್ನಡದ ಕಿವಿಗೆ ಕಲಿಸಿದ್ದು ಈ ಹತ್ತು ಚದರ ಇಂಚಿನ ಕಾಗದ.

ಹೊಸ ಕಲಾವಿದರಿಗೆ ಇದರಲ್ಲಿ ದೊಡ್ಡ ಪಾಠ ಇದೆ. ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲದಾಗ, ಕೇಳುಗರಿಗೆ ಮೊದಲೇ ಗೊತ್ತಿರೋ ಯಾವುದೋ ಒಂದು ಎಳೆ ಕವರ್ ಮೇಲೆ ಬೇಕು. ಕವಿಯ ಹೆಸರು, ಊರಿನ ಹೆಸರು, ಗುರುವಿನ ಹೆಸರು, ಇಲ್ಲಾ ಒಂದು ವಾದ್ಯದ ಚಿತ್ರ.

ಕರಪತ್ರದಿಂದ ಕ್ಯಾಸೆಟ್ಟಿಗೆ

ನಮ್ಮ ಕಡೆಗೆ ಆ ಎಳೆ ಅಂದ್ರೆ ಯಕ್ಷಗಾನ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದ್ದು 1934ರಲ್ಲಿ. ಅವರ ಮಗ ಕೆರೆಮನೆ ಶಂಭು ಹೆಗಡೆ. ಅದೇ ತಾಲೂಕಿನವರು ಚಿಟ್ಟಾಣಿ ರಾಮಚಂದ್ರ ಹೆಗಡೆ, 2012ರಲ್ಲಿ ಪದ್ಮಶ್ರೀ ಪಡೆದವರು. ಕಡತೋಕಾ ಮಂಜುನಾಥ ಭಾಗವತರು, ನೆಬ್ಬೂರು ನಾರಾಯಣ ಭಾಗವತರು, ಈ ಹೆಸರುಗಳನ್ನ ನಾವು ಬೆಳೆಯುವಾಗ ಮನೆಯವರ ಹೆಸರಿನ ಥರ ಕೇಳ್ತಿದ್ವಿ.

ಕ್ಯಾಸೆಟ್ ಬರೋಕೆ ಮುಂಚೆ ಯಕ್ಷಗಾನದ "ಪ್ಯಾಕೇಜಿಂಗ್" ಅಂದ್ರೆ ಕರಪತ್ರ. ತೆಳು ಬಣ್ಣದ ಕಾಗದ, ಮೇಲೆ ಪ್ರಸಂಗದ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಹಿಮ್ಮೇಳ, ಮುಮ್ಮೇಳ ಅಂತ ಎರಡು ಪಟ್ಟಿ. ಯಾರ ಹೆಸರು ಯಾರ ಮೇಲೆ ಬಂತು ಅನ್ನೋದೇ ಒಂದು ಚರ್ಚೆ. ಆದ್ರೆ ಕರಪತ್ರದಲ್ಲಿ ಜಾಗ ಇತ್ತು. ಸ್ತ್ರೀವೇಷದವರದ್ದೂ, ಹಾಸ್ಯಗಾರರದ್ದೂ, ಮದ್ದಳೆಯವರದ್ದೂ ಹೆಸರು ಬರ್ತಿತ್ತು.

ಕ್ಯಾಸೆಟ್ಟಿಗೆ ಬಂದಾಗ ಎರಡು ಸಮಸ್ಯೆ ಎದುರಾಯ್ತು. ಒಂದು, ಸಮಯ. ರಾತ್ರಿಯಿಡೀ ನಡೆಯೋ ಆಟವನ್ನ 60 ನಿಮಿಷದ, 90 ನಿಮಿಷದ ಕ್ಯಾಸೆಟ್‌ಗೆ ಇಳಿಸಬೇಕು. ಹಾಗಾಗಿ ಒಂದು ಪ್ರಸಂಗಕ್ಕೆ ಎರಡು, ಮೂರು ಕ್ಯಾಸೆಟ್. ಅಜ್ಜನ ಟ್ರಂಕಿನಲ್ಲಿ ಎಲ್ಲವನ್ನೂ ಬೆನ್ನು ಮೇಲೆ ಮಾಡಿ ಜೋಡಿಸಿಟ್ಟಿದ್ದಾರೆ. ಕ್ಯಾಸೆಟ್ಟಿನ ಬೆನ್ನು ಅರ್ಧ ಇಂಚು ಅಗಲ. ಆ ಅರ್ಧ ಇಂಚಿನಲ್ಲಿ ಪ್ರಸಂಗದ ಹೆಸರು, "ಭಾಗ-1", "ಭಾಗ-2". ಬೆನ್ನು ಸರಿ ಇಲ್ಲದಿದ್ದರೆ ಕತ್ತಲಲ್ಲಿ ಎರಡನೇ ಭಾಗ ಮೊದಲು ಹಾಕಿ, ಸತ್ತ ರಾಕ್ಷಸ ಮತ್ತೆ ಎದ್ದು ಬರ್ತಿದ್ದ!

ಎರಡನೇ ಸಮಸ್ಯೆ, ಚಿತ್ರ. ಯಕ್ಷಗಾನ ನೋಡೋ ಕಲೆ. ಕ್ಯಾಸೆಟ್ಟಿನಲ್ಲಿ ವೇಷವೇ ಇಲ್ಲ, ಕುಣಿತವೂ ಇಲ್ಲ. ಆದ್ರೂ ಕವರ್ ಮೇಲೆ ಕಿರೀಟ ತೊಟ್ಟ ವೇಷದ ಚಿತ್ರವೇ ಜಾಸ್ತಿ. ಕವರ್ ನೋಡ್ಕೊಂಡು ಕಣ್ಣುಮುಚ್ಚಿ ಕೇಳಿದ್ರೆ ಉಳಿದದ್ದು ತಲೆಯೊಳಗೆ ಕುಣೀತಿತ್ತು. ಕಾಳಿಂಗ ನಾವಡರ ಕಾಲಕ್ಕೆ ಇನ್ನೊಂದು ಬದಲಾವಣೆ ಆಯ್ತು. ಉಡುಪಿ ಕಡೆಯ ಗುಂಡ್ಮಿಯ ಈ ಭಾಗವತರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೆರಡರ ಆಸುಪಾಸು. ಅವರ ಪದ್ಯ ಕೇಳೋಕೆ ಅಂತಲೇ ಜನ ಕ್ಯಾಸೆಟ್ ಕೊಂಡ್ರು, ಈಗಲೂ ಫೋನಿನಲ್ಲಿ ಕೇಳ್ತಾರೆ. ರಂಗದ ಹಿಂದೆ ಕೂರೋ ಭಾಗವತ, ಕ್ಯಾಸೆಟ್ ಕವರಿನಲ್ಲಿ ಮುಂದೆ ಬಂದ. ಕಣ್ಣಿಗಲ್ಲದೆ ಕಿವಿಗೆ ಮಾರೋ ವಸ್ತು ಆದ ಮೇಲೆ ದನಿಗೆ ಬೆಲೆ ಬಂತು.

ಭಾಗವತರ ಪಕ್ಕದಲ್ಲಿ ಕೂತವರು ಮಾತ್ರ ಹಲವು ಕವರ್‌ಗಳಲ್ಲಿ "ನುರಿತ ಕಲಾವಿದರು" ಆಗೇ ಉಳಿದ್ರು.

ಇಲ್ಲಿ ಮತ್ತೆ ಕಾನೂನಿನ ಕಡೆ ಬರ್ತೀನಿ, ಬೇಜಾರು ಮಾಡ್ಕೊಬೇಡಿ. ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆ 1957ರದ್ದು. ಹಾಡುವವರು, ಬಾರಿಸುವವರು, ಕುಣಿಯುವವರನ್ನ "ಪ್ರದರ್ಶಕರು" ಅಂತ ಗುರುತಿಸಿ ಅವರಿಗೂ ಒಂದು ಹಕ್ಕು ಇದೆ ಅಂತ ಕಾಯ್ದೆ ಒಪ್ಪಿದ್ದು 1994ರ ತಿದ್ದುಪಡಿಯಲ್ಲಿ. "ಇದನ್ನ ನುಡಿಸಿದವನು ನಾನು ಅಂತ ಗುರುತಿಸಿ" ಅಂತ ಕೇಳೋ ಹಕ್ಕು ಬಂದಿದ್ದು 2012ರ ತಿದ್ದುಪಡಿಯಲ್ಲಿ, ಕಲಂ 38ಬಿ. ಅಜ್ಜ ಬಾಲ್‌ಪೆನ್ನಿನಲ್ಲಿ ಬರೆದುಕೊಂಡ ಇಪ್ಪತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ ಕಾಯ್ದೆ ಅದನ್ನೇ ಬರೀತು.

ಚೌಕ ಚಿಕ್ಕದಾಯ್ತು, ಹೆಸರು ಮಾಯವಾಯ್ತು

ಸಿಡಿ ಬಂದಾಗ ಜಾಗ ಸ್ವಲ್ಪ ವಾಪಸ್ ಸಿಕ್ತು. ಹನ್ನೆರಡು ಸೆಂಟಿಮೀಟರ್ ಚೌಕದ ಪುಟ್ಟ ಪುಸ್ತಕ, ಅದರಲ್ಲಿ ಸಾಹಿತ್ಯ ಕೂಡ ಅಚ್ಚು ಹಾಕಬಹುದಿತ್ತು. ಆಮೇಲೆ ಪೆನ್‌ಡ್ರೈವ್. ಅದಕ್ಕೆ ಹೊದಿಕೆ ಅಂದ್ರೆ ಒಂದು ರಟ್ಟಿನ ತುಂಡು, ಒಳಗೆ ನೂರಾರು ಹಾಡು. 2017ರಲ್ಲಿ ಸರೆಗಮ ಕಂಪನಿ ಕಾರವಾನ್ ಅನ್ನೋ ಡಬ್ಬಿ ತಂತು. ಹಳೇ ರೇಡಿಯೋ ಥರ ಕಾಣೋ ಪೆಟ್ಟಿಗೆಯೊಳಗೆ ಐದು ಸಾವಿರ ಹಾಡು. ಅವೇ ಹಾಡುಗಳಲ್ಲಿ ಹೆಚ್ಚಿನವು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗ್ತಿದ್ರೂ ಜನ ದುಡ್ಡು ಕೊಟ್ಟು ಕೊಂಡ್ರು. ಅಪ್ಪ-ಅಮ್ಮನಿಗೆ ಗಿಫ್ಟ್ ಕೊಡೋಕೆ ಕೈಯಲ್ಲಿ ಹಿಡಿಯೋ ಏನೋ ಒಂದು ಬೇಕಲ್ಲ.

2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು, ಅಷ್ಟೊತ್ತಿಗೆ ಬೇರೆ ಆ್ಯಪ್‌ಗಳೂ ಇದ್ವು. ಈಗ ಕವರ್ ಅಪ್‌ಲೋಡ್ ಮಾಡೋಕೆ 3000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಚೌಕ ಕೊಡಿ ಅಂತಾರೆ. ಕೊಡೋದು ಅಷ್ಟು ದೊಡ್ಡದು, ಕಾಣೋದು ಉಗುರಿನಷ್ಟು.

ನಮ್ಮ ಕುಮಟಾ ತಾಲೂಕಿನ ಗೋಕರ್ಣದವರು ಜಯಂತ ಕಾಯ್ಕಿಣಿ. 2006ರ 'ಮುಂಗಾರು ಮಳೆ' ನಂತರ ಅವರ ಹಾಡು ಕೇಳದವರಿಲ್ಲ. ಆದ್ರೆ ಆ್ಯಪ್‌ನಲ್ಲಿ ಆ ಹಾಡು ಹಾಕಿದಾಗ ಮೊದಲು ಕಾಣೋದು ಗಾಯಕರ, ಸಂಗೀತ ನಿರ್ದೇಶಕರ ಹೆಸರು. ಬರೆದವರು ಯಾರು ಅಂತ ನೋಡೋಕೆ ಮೂರು ಚುಕ್ಕಿ ಒತ್ತಿ ಇನ್ನೊಂದು ಪುಟಕ್ಕೆ ಹೋಗಬೇಕು, ಅಲ್ಲಿ ಯಾರಾದ್ರೂ ತುಂಬಿಸಿದ್ರೆ ಮಾತ್ರ ಇರುತ್ತೆ. ಭಾವಗೀತೆ ಕ್ಯಾಸೆಟ್ ಮುಂಭಾಗಕ್ಕೆ ತಂದಿದ್ದ ಕವಿ ಮತ್ತೆ ಹಿಂದಿನ ಕೋಣೆಗೆ ಹೋದ. 2012ರ ತಿದ್ದುಪಡಿ ಸಾಹಿತ್ಯ ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಲ್ಟಿಯ ಪಾಲು ಕೊಡಲೇಬೇಕು ಅಂತ ಹೇಳಿದೆ. ಆದ್ರೆ ಹೆಸರೇ ದಾಖಲಾಗದಿದ್ರೆ ಪಾಲು ಯಾರ ವಿಳಾಸಕ್ಕೆ ಹೋಗಬೇಕು?

ನಾನು ಮಾಡಿದ ಕವರ್

ಈಗ ನನ್ನ ತಪ್ಪಿನ ಕಥೆ.

ಇಷ್ಟೆಲ್ಲ ಓದಿ, ಟ್ರಂಕು ನೋಡಿ, ನಾನು ಗೆಳತಿಗೆ ಕವರ್ ಮಾಡಿದೆ. ಸಂಜೆ ಹೊತ್ತಿನ ಕಡಲು, ಪಕ್ಕಕ್ಕೆ ತಿರುಗಿದ ಅವಳ ಮುಖ, ತೆಳು ಅಕ್ಷರದಲ್ಲಿ ಆಲ್ಬಂ ಹೆಸರು. ಬೇರೇನೂ ಇಲ್ಲ. "ಕ್ಲೀನ್" ಆಗಿರಬೇಕು ಅಂತ. ಲ್ಯಾಪ್‌ಟಾಪ್‌ನಲ್ಲಿ ನೋಡಿದ್ರೆ ನನಗೇ ಹೆಮ್ಮೆ. ಎಲ್ಲರೂ ಇರೋ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹಾರ್ಟ್ ಮೇಲೆ ಹಾರ್ಟ್.

ಭಟ್ಕಳದ ಹುಡುಗನೊಬ್ಬ ಐದೂ ಹಾಡಿಗೆ ತಬಲಾ ಬಾರಿಸಿದ್ದಾನೆ. ಹತ್ತೊಂಬತ್ತು ವರ್ಷ. ಅವನೂ "ಚಂದ ಉಂಟು ಅಣ್ಣ" ಅಂತ ಹಾಕಿದ. ಅರ್ಧ ಗಂಟೆ ಬಿಟ್ಟು ನನಗೆ ಬೇರೆಯಾಗಿ ಒಂದು ಮೆಸೇಜ್: "ಅಣ್ಣಾ, ಆ್ಯಪ್‌ನಲ್ಲಿ ನನ್ ಹೆಸರು ಎಲ್ಲಾದ್ರೂ ಬರ್ತದಾ? ಮನೇಲಿ ತೋರ್ಸೋಕೆ."

ನಾನು ಫೋನ್ ಕೆಳಗಿಟ್ಟೆ. ಆಮೇಲೆ ಅಪ್‌ಲೋಡ್ ಫಾರಂ ತೆಗೆದು ನೋಡಿದೆ. ತುಂಬಿಸಿದವನು ನಾನೇ. ವಾದ್ಯದವರ ಹೆಸರು ಹಾಕೋ ಜಾಗದಲ್ಲಿ ಖಾಲಿ ಬಿಟ್ಟಿದ್ದೆ. ಕಡ್ಡಾಯ ಅಲ್ಲ ಅಂತ ಬರೆದಿತ್ತು, ಮುಂದೆ ಹೋಗು ಒತ್ತಿದ್ದೆ. ಅಜ್ಜನ ಕ್ಯಾಸೆಟ್ ಕಂಪನಿಯ ಮೇಲೆ ನನಗೆ ಇಷ್ಟು ವರ್ಷ ಸಿಟ್ಟಿತ್ತು. ಅವರಿಗಾದ್ರೂ ಹತ್ತು ಚದರ ಇಂಚಿನಲ್ಲಿ ಜಾಗ ಸಾಲಲಿಲ್ಲ ಅನ್ನೋ ನೆಪ ಇತ್ತು. ನನಗೆ ಆ ನೆಪವೂ ಇಲ್ಲ.

ಗೆಳತಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ನೋಡ್ಲಿಲ್ಲ ಮಾರಾಯಾ. ನನ್ ಮುಖ ಹೇಗೆ ಬಂದಿದೆ ಅಂತಷ್ಟೇ ನೋಡ್ದೆ" ಅಂದ್ಲು. ಬಿಡುಗಡೆ ಮೂರು ವಾರ ಮುಂದಕ್ಕೆ ಹಾಕಿದ್ವಿ.

ನಾವು ಬದಲಾಯಿಸಿದ್ದು ಏನೇನು ಅಂತ ಹೇಳ್ತೀನಿ. ನಿಮ್ಮಲ್ಲಿ ಯಾರಾದ್ರೂ ಮೊದಲ ಆಲ್ಬಂ ಮಾಡ್ತಿದ್ರೆ ಉಪಯೋಗಕ್ಕೆ ಬರಬಹುದು.

ಮೊದಲನೇದು, ಹೆಸರು. ನಾವಿಟ್ಟಿದ್ದ ಹೆಸರು ಉದ್ದ, ಮೂರು ಒತ್ತಕ್ಷರ. ಕನ್ನಡದ ಒತ್ತು ಅಕ್ಷರದ ಕೆಳಗೆ ಬರುತ್ತೆ, ಚಿಕ್ಕದಾದಾಗ ಬರೀ ಚುಕ್ಕಿಯಾಗಿ ಕಾಣುತ್ತೆ. ಒತ್ತಿಲ್ಲದ ಮೂರಕ್ಷರದ ಹೆಸರಿಗೆ ಬದಲಾಯಿಸಿ, ದಪ್ಪ ಅಕ್ಷರ ಹಾಕಿದ್ವಿ. ಹೆಸರೇನು ಅಂತ ಬಿಡುಗಡೆ ದಿನ ಗೊತ್ತಾಗುತ್ತೆ.

ಎರಡನೇದು, ಪರೀಕ್ಷೆ. ಕವರನ್ನ ಫೋನಿಗೆ ಹಾಕಿ, ಕೈ ಉದ್ದಕ್ಕೆ ಚಾಚಿ, ಬಿಸಿಲಲ್ಲಿ ನೋಡಿದ್ವಿ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದಾಗ ನನ್ನ ಸುಂದರ ಸಂಜೆಗಡಲು ಬರೀ ಕಪ್ಪು ಚೌಕ. ಬಣ್ಣ ತಿಳಿಯಾಯ್ತು.

ಮೂರನೇದು, ಫಾರಂ. ಪ್ರತಿ ಹಾಡಿಗೂ ಬರೆದವರು, ರಾಗ ಹಾಕಿದವರು, ತಬಲಾ, ಹಾರ್ಮೋನಿಯಂ, ರೆಕಾರ್ಡ್ ಮಾಡಿದವರು, ಎಲ್ಲ ತುಂಬಿಸಿದ್ವಿ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಅಂತ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಸಿಗುತ್ತೆ. ಕ್ಯಾಸೆಟ್ಟಿನ ಬೆನ್ನಿದ್ದ ಹಾಗೆ ಅದು. ಅದನ್ನ ಬರೆದಿಟ್ಕೊಳ್ಳಿ. ಹಾಗೇ ಹೆಸರಿನ ಕಾಗುಣಿತವನ್ನ ಅವರವರ ಹತ್ತಿರವೇ ಕೇಳಿ ಬರ್ಕೊಳ್ಳಿ.

ಈ ಫಾರಂ ತುಂಬಿಸುವಾಗ ಇನ್ನೊಂದು ಹೊರಬಂತು. ಮೂರನೇ ಹಾಡಿಗೆ "ಜಾನಪದ" ಅಂತ ಹಾಕಿದ್ವಿ. ಗೆಳತಿ ತನ್ನ ಅಮ್ಮನನ್ನ ಕೇಳಿದಾಗ ಗೊತ್ತಾಯ್ತು, ಅದು ಅವಳ ದೊಡ್ಡಮ್ಮ ಕಟ್ಟಿದ ಹಾಡು. ದೊಡ್ಡಮ್ಮ ಇನ್ನೂ ಇದ್ದಾರೆ. "ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಅಂದ್ರಂತೆ.

ನಾಲ್ಕನೇದು, ಕೈಗೆ ಕೊಡೋ ವಸ್ತು. ನೂರು ಕಾರ್ಡ್ ಅಚ್ಚು ಹಾಕಿಸಿದ್ವಿ. ಮುಂದೆ ಕವರ್ ಚಿತ್ರ, ಸ್ಕ್ಯಾನ್ ಮಾಡೋಕೆ ಕ್ಯೂಆರ್ ಕೋಡ್. ಹಿಂದೆ ಯಕ್ಷಗಾನದ ಕರಪತ್ರದ ಹಾಗೆ ಎಲ್ಲರ ಹೆಸರು, ವರ್ಷ, ಸಂಪರ್ಕಕ್ಕೆ ಒಂದು ಇಮೇಲ್. ಕಾರ್ಡಿನ ಅಳತೆ ನಾಲ್ಕು ಇಂಚು ಎರಡೂವರೆ ಇಂಚು. ಹೌದು, ಬೇಕಂತಲೇ ಕ್ಯಾಸೆಟ್ ಕವರಿನ ಅಳತೆ. ಹೆಸರುಗಳು ಹಿಡಿಸ್ತವಾ ಅಂತ ನೋಡಬೇಕಿತ್ತು. ಒಂಬತ್ತು ಹೆಸರು. ಎಲ್ಲ ಹಿಡಿದ್ವು, ಇನ್ನೂ ಜಾಗ ಉಳೀತು.

ಮೊದಲ ಕಾರ್ಡನ್ನ ಭಟ್ಕಳಕ್ಕೆ ಕೊಟ್ಟು ಬಂದೆ. ಹುಡುಗ ಮನೆಯಲ್ಲಿರಲಿಲ್ಲ, ಅವನ ತಾಯಿ ತಗೊಂಡ್ರು. ಹಿಂದೆ ಮುಂದೆ ತಿರುಗಿಸಿ, ಮಗನ ಹೆಸರಿನ ಮೇಲೆ ಬೆರಳಿಟ್ಟು ಒಮ್ಮೆ ಓದಿ, ಗೋಡೆಯ ಕಪಾಟಿನ ಗಾಜಿನೊಳಗೆ ಇಟ್ರು. ಎರಡನೇ ಕಾರ್ಡು ದೊಡ್ಡಮ್ಮನಿಗೆ ಹೋಗಿದೆ. ಇನ್ನೊಂದನ್ನ ನಾನು ಹೊನ್ನಾವರಕ್ಕೆ ತಗೊಂಡು ಹೋಗಿ ಟ್ರಂಕಿನಲ್ಲಿ, ಆ ನೀಲಿ ಬಾಲ್‌ಪೆನ್ನಿನ ಕ್ಯಾಸೆಟ್ ಪಕ್ಕ ಇಟ್ಟಿದ್ದೀನಿ. ಅಜ್ಜ ಈಗಿಲ್ಲ.

ನಿಮ್ಮ ಮನೆಯ ಅಟ್ಟದ ಮೇಲೂ ಹಳೇ ಕ್ಯಾಸೆಟ್ ಇದ್ರೆ ಒಮ್ಮೆ ತೆಗೆದು ಕವರ್ ಹಿಂದೆ ನೋಡಿ. ಪೆನ್ನಿನಲ್ಲಿ ಏನಾದ್ರೂ ಬರೆದಿದ್ರೆ ಫೋಟೋ ತೆಗೆದು ನನಗೆ ಕಳಿಸಿ. ಹಾಗೆ ಸಿಕ್ಕ ಹೆಸರುಗಳನ್ನ ಮುಂದಿನ ಎಪಿಸೋಡಿನಲ್ಲಿ ಓದ್ತೀನಿ, ನುಡಿಸಿದ ವಾದ್ಯದ ಜೊತೆಗೆ. ಅಲ್ಲೀವರೆಗೆ, ನಮಸ್ಕಾರ.